ಗಿನಿಪಿಗ್ಗಿನ ಎಂಟು ಪಾಲು

ಅತ್ತಿವೇರಿ ರಸ್ತೆ, ಮುಂಡಗೋಡ ತಾಲೂಕು
27 ಏಪ್ರಿಲ್ 2025, ರವಿವಾರ

ಪ್ರೀತಿಯ ಸೊಸೆ ಅಗ್ನೆಸ್‌ಗೆ ಮಾವ ಬಸ್ತ್ಯಾಂವ ಮಾಡುವ ಆಶೀರ್ವಾದಗಳು.

ನೀನು ಹೇಗಿದ್ದೀ, ಕೂಸು ಹೇಗಿದೆ? ನಿನ್ನ ಅವ್ವನ ಮೊಣಕಾಲು ಈಗಲಾದರೂ ಮಡಚಲು ಬರುತ್ತದೆಯೇ? ಎಣ್ಣೆಯನ್ನು ಮೇಲಿನಿಂದ ಕೆಳಗೆ ತಿಕ್ಕಬೇಕು, ಕೆಳಗಿನಿಂದ ಮೇಲಕ್ಕೆ ತಿಕ್ಕಿದರೆ ಬಾವು ಏರುತ್ತದೆ ಎಂದು ನಿನ್ನ ಅತ್ತೆ ಹೇಳುತ್ತಿದ್ದಳು. ಅವಳು ತೀರಿಹೋಗಿ ನಾಲ್ಕು ವರ್ಷವಾದರೂ ಔಷಧದ ಮಾತು ಬಂದರೆ ನನಗೆ ಅವಳ ಮಾತೇ ನೆನಪಾಗುವುದು. ಕೂಸಿನ ಕೆಮ್ಮು ನಿಂತಿರಬೇಕು ಅಂದುಕೊಂಡಿದ್ದೇನೆ. ಹಳಿಯಾಳದ ಕಡೆ ಬಿಸಿಲು ಜಾಸ್ತಿ, ತಲೆಗೆ ಬಟ್ಟೆ ಕಟ್ಟದೆ ಹೊರಗೆ ಬಿಡಬೇಡ. ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದ ಸೇಮ್ ಫ್ರಂ ಯು. ಧಾರವಾಡದ ಕಾಲೇಜಿನಲ್ಲಿ ಒಂದೂವರೆ ವರ್ಷ ಕಲಿತದ್ದರಲ್ಲಿ ಪೂರ್ತಿಯಾಗಿ ಉಳಿದ ಸಾಲು ಇದೊಂದೇ. ಅದರಲ್ಲಿಯೂ ಮೊದಲ ಅರ್ಧ ಈಗ ಅಷ್ಟು ನಿಜವಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀ. ಮೂರು ಸಲ ಮಾಡಿದೆ, ಮೂರು ಸಲವೂ ನಿನ್ನ ಅವ್ವ ಎತ್ತಿದರು, ಮೊಣಕಾಲಿನ ಮಾತಿನಲ್ಲೇ ಹೊತ್ತು ಹೋಯಿತು. ಮೇಲಾಗಿ ನನ್ನ ಬಾಯಿಯ ಮೇಲೆ ನನಗೇ ಈಗ ಭರವಸೆ ಇಲ್ಲ, ಬರೆಯುವಾಗ ತಪ್ಪಿದರೆ ಹೊಡೆದುಹಾಕಬಹುದು. ನಿನ್ನ ಗಂಡ ಡೇವಿಡ್ ನಾಳೆ ದಾಂಡೇಲಿಗೆ ಹೊರಟಿದ್ದಾನೆ. ರಜೆ ಶುರುವಾಗಿ ರಾಫ್ಟ್ ಹತ್ತುವ ಮಂದಿ ಹೆಚ್ಚಾಗಿದ್ದಾರಂತೆ, ಮಾಲೀಕರು ಮತ್ತೆ ಮತ್ತೆ ಕರೆಯುತ್ತಿದ್ದಾರೆ. ಹಳಿಯಾಳದಲ್ಲಿ ಇಳಿದು ಇದನ್ನು ನಿನಗೆ ಮುಟ್ಟಿಸಿ ಮುಂದೆ ಹೋಗುತ್ತಾನೆ. ನೀನೇ ಅವಳನ್ನು ಕರೆದುಕೊಂಡು ಬಾರೋ ಎಂದು ಅವನಿಗೆ ಹೇಳಿ ನೋಡಿದೆ. ಡೇವಿಡ್ ಬೂಟಿನ ದಾರ ಕಟ್ಟುತ್ತ ತಲೆ ಎತ್ತದೆ, "ನಾ ಕಳಿಸಿಲ್ಲಪ್ಪಾ. ಕಳಿಸಿದವ್ರು ಕರೀಬೇಕು" ಅಂದ. ಅವನ ಮಾತು ನ್ಯಾಯದ್ದು.

ಅವತ್ತಿನ ದಿನವನ್ನು ನೀನು ಮರೆತಿರಲಾರೆ, ಆದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು. ಈಸ್ಟರಿನ ತನಕ ಮಾಂಸ ಬಿಡುವ ತಪಸ್ಸಿನ ಕಾಲ ಹಿಡಿಯುವ ಮೊದಲಿನ ರವಿವಾರ, ಮಾವಿನ ಮರದ ಕೆಳಗೆ ನಮ್ಮ ವಾಡೆಯ ಎಂಟು ಮನೆ ಸೇರಿ ಆಡು ಕೊಯ್ದಿದ್ದೆವು. ದುರ್ಗಪ್ಪ ಸಾಗವಾನಿ ಎಲೆಯ ಮೇಲೆ ಪಾಲು ಹಾಕುತ್ತ ಒಂದೊಂದು ಮನೆಯ ಹೆಸರು ಕೂಗುತ್ತಿದ್ದ. ನಮ್ಮ ಹೆಸರು ಬಂತು. ನೀನು ಬೋಗುಣಿ ಹಿಡಿದು ನಿಂತಿದ್ದೆ. ನಾನು ಎಲ್ಲರೂ ಕೇಳಲಿ ಎಂದು, "ನಮ್ಮ ಮನಿಗೆ ಪಾಲು ಯಾಕ ಬೇಕೋ ದುರ್ಗಪ್ಪ, ನಮ್ಮ ಸೊಸಿ ಅಡಿಗಿಮನಿ ತುಂಬ ಇಲಿ ಸಾಕ್ಯಾಳ" ಅಂದೆ. ಬಾಳೇಶನಂತೂ ನಕ್ಕು ನಕ್ಕು ಕೆಮ್ಮಿದ. ನಾನೂ ನಕ್ಕೆ. ನೀನು ಬೋಗುಣಿಯನ್ನು ನನ್ನ ಕಾಲ ಹತ್ತಿರ ಇಟ್ಟು ಮನೆಗೆ ಹೋದೆ. ಮರುದಿನ ಮೊದಲ ಬಸ್ಸಿಗೆ ಕೂಸನ್ನು ಎತ್ತಿಕೊಂಡು ಹೊರಟಾಗ ನೀನು ಅವ್ವನ ಮೊಣಕಾಲು ನೋವು ಅಂದೆ. ನಾನು ಅದನ್ನೇ ನಂಬಿದವನಂತೆ ಚೀಲ ಹಿಡಿದು ಬಸ್ಸಿನ ತನಕ ಬಂದೆ.

ಆ ಪ್ರಾಣಿಗಳ ಮೇಲೆ ನಿನಗೆಷ್ಟು ಆಸೆ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಿನ್ನ ಅಣ್ಣ ಜೇವಿಯರ್ ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತ ಪೆರು ದೇಶ ನೋಡಿ ಬಂದು, ಅಲ್ಲಿ ಮನೆಮನೆಯಲ್ಲೂ ಒಲೆಯ ಪಕ್ಕ ಗಿನಿಪಿಗ್ ಸಾಕಿ ಹಬ್ಬಕ್ಕೆ ತಿನ್ನುತ್ತಾರೆ ಎಂದು ಹೇಳಿದಾಗ ನೀನು ಕಣ್ಣು ಬಿಟ್ಟು ಕೇಳಿದ್ದೆ. ಅವನು ಮಡಗಾಂವದಿಂದ ಎರಡು ಜೋಡಿಯನ್ನು ಮಾವಿನ ಹಣ್ಣಿನ ಪೆಟ್ಟಿಗೆಯಲ್ಲಿ ತಂದ. ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಬಾಟಲಿ ಇರಬಹುದೆಂದು ಪೆಟ್ಟಿಗೆ ಬಿಚ್ಚಿಸಿದ ಪೊಲೀಸರು ಒಳಗಿನಿಂದ ಕುಂಯ್ ಎಂದು ಸದ್ದು ಬಂದದ್ದಕ್ಕೆ ಹಿಂದೆ ಸರಿದರಂತೆ. ಕೋಳಿಗೂಡನ್ನು ಮುಂಗುಸಿ ಖಾಲಿ ಮಾಡಿತ್ತು, ಕಾಡಿನ ಬೇಟೆ ನಿಂತು ಹೋಗಿ ಎಷ್ಟೋ ಕಾಲವಾಯಿತು. ಕೂಸಿನ ತಾಟಿನಲ್ಲಿ ವಾರಕ್ಕೊಮ್ಮೆಯಾದರೂ ಮಾಂಸ ಬೀಳಬೇಕು ಎಂಬುದು ನಿನ್ನ ಲೆಕ್ಕ. ಹೊಳೆವ್ವ, ಕಾಶೆವ್ವ ಇಬ್ಬರೂ ತಮಗೂ ಒಂದೊಂದು ಜೋಡಿ ಬೇಕೆಂದು ಹೇಳಿಟ್ಟಿದ್ದರು. ನನ್ನ ಒಂದು ಮಾತಿಗೆ ಇಬ್ಬರೂ ಹಿಂದೆ ಸರಿದರು. ವಾಡೆಯ ಹುಡುಗರು ನಮ್ಮದನ್ನು ಇಲಿ ಮನೆ ಅಂದರು. ಮೂವತ್ತು ವರ್ಷ ಹಾಸ್ಟೆಲಿನಲ್ಲಿ ನೂರಾರು ಹುಡುಗರಿಗೆ ಅಡುಗೆ ಮಾಡಿ ಹಾಕಿದ ನನ್ನ ಮನೆಯಲ್ಲಿ ನೀರು ಕುಡಿಯಲೂ ಮಂದಿ ಯೋಚಿಸುವಂತಾಯಿತು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನೀನು ಹೋಗುವಾಗ "ಮಾವಾ, ಹಸಿರು ತಪ್ಪಿಸಬ್ಯಾಡ್ರಿ" ಅಂದಿದ್ದೆ. ನಾನು ಮೊಲದ ಹಾಗೆಯೇ ಇವೂ ಎಂದುಕೊಂಡೆ. ಮಾರ್ಚಿನಲ್ಲಿ ಹುಲ್ಲು ಒಣಗಿತು, ನಾನು ತೌಡು ಮತ್ತು ಒಣ ಹುಲ್ಲು ಹಾಕಿ ನೀರಿಟ್ಟು ಕೈ ತೊಳೆದುಕೊಂಡೆ. ಮೂರು ವಾರಕ್ಕೆ ಅವು ಕಾಲು ಎಳೆಯತೊಡಗಿದವು, ಕೀಲುಗಂಟುಗಳು ಬಾತವು, ಹಿಡಿದರೆ ನೋವಿಗೆ ಕಿರುಚುತ್ತಿದ್ದವು. ಎರಡು ಸತ್ತವು. ಅದರಲ್ಲಿ ಒಂದು ನಿನ್ನ ಬಿಳಿ ಹಣೆಯದು, ಹೊಟ್ಟೆಯಲ್ಲಿ ಮರಿ ಇದ್ದದ್ದು. ಅದನ್ನು ಹಿತ್ತಲಲ್ಲಿ ಹುಗಿದು ಬಂದು ಕುಳಿತಾಗ, ದಿನಾ ಬೆಳಿಗ್ಗೆ ನೀನು ಸೆರಗಿನಲ್ಲಿ ನುಗ್ಗೆ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದುದು, ಬೆಟ್ಟದ ನೆಲ್ಲಿಕಾಯಿ ಹೆಚ್ಚಿ ಹಾಕುತ್ತಿದ್ದುದು ನೆನಪಾಯಿತು. ಸೋಗು ಎಂದುಕೊಂಡಿದ್ದೆ. ಕಾಶೆವ್ವನ ಹಿತ್ತಲಿಗೆ ಹೋಗಿ ನುಗ್ಗೆ ಸೊಪ್ಪು ಕೇಳಿದೆ. "ಇಲಿಗೇನ್ರಿ?" ಅಂದಳು. ಹೌದವ್ವ ಅಂದು, ಅವಳು ಇಳಿಸಿಕೊಟ್ಟ ಟೊಂಗೆ ತಂದು ಹಾಕಿದೆ. ಒಂದು ವಾರ ಹಿಡಿಯಿತು, ಆಮೇಲೆ ಒಂದೊಂದಾಗಿ ಎದ್ದು ಓಡಾಡಿದವು. ಈಗ ನಾನು ಒಳಗೆ ಕಾಲಿಟ್ಟರೆ ಕೂಗುತ್ತವೆ. ಈಸ್ಟರಿಗೆ ಎರಡು ವಾರ ಇರುವಾಗ ಮೂರು ತಾಯಿಗಳು ಏಳು ಮರಿ ಹಾಕಿದವು. ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲು ಇಟ್ಟುಕೊಂಡು ಬರುತ್ತವೆ ಎಂದು ನೀನು ಹೇಳಿದ್ದು ನಿಜ.

ಈಸ್ಟರಿಗೆ ನೀನು ಬರಬಹುದೆಂದು ನೋಡಿದೆ. ಬರಲಿಲ್ಲ. ಮತ್ತೆ ಮಾವಿನ ಮರದ ಕೆಳಗೆ ಪಾಲು. ಅವತ್ತು ನಾನು ಬೆಳಿಗ್ಗೆಯೇ ಎದ್ದು ನಾಲ್ಕು ಬಲಿತ ಗಂಡುಗಳನ್ನು ಕೊಯ್ದು, ನೀನು ಮಾಡುವ ಹಾಗೆಯೇ ಬಿಸಿನೀರಿನಲ್ಲಿ ಅದ್ದಿ ಕೂದಲು ಕೆರೆದು, ಚರ್ಮ ಇಟ್ಟುಕೊಂಡೇ ಸ್ವಚ್ಛ ಮಾಡಿ ಒಯ್ದೆ. ಆಡಿನ ಎಂಟು ಎಲೆಗಳ ಪಕ್ಕದಲ್ಲಿ ನನ್ನ ಎಂಟು ಎಲೆ ಹಾಸಿ ಎಲೆಗೆ ಅರ್ಧ ಇಟ್ಟೆ. ಯಾರೂ ಮುಟ್ಟಲಿಲ್ಲ. ಹೊಳೆವ್ವ ಸೊಂಟಕ್ಕೆ ಕೈ ಕೊಟ್ಟು, "ಏ ಬಸ್ತ್ಯಾಂವಾ, ಅವತ್ತ ಇಲಿ ಇತ್ತಲ್ಲೋ ಇದು. ನಡುವ ಯಾವ ಪಾದ್ರಿ ಬಂದು ದೀಕ್ಷಾಸ್ನಾನ ಮಾಡಿಸಿದ?" ಅಂದಳು. ಮಂದಿ ನಕ್ಕರು. ಈ ಸಲ ನಗೆ ನನ್ನ ಮೇಲೆ ಇತ್ತು, ನಾನು ಅದಕ್ಕೆ ತಕ್ಕವನೇ. ಇಂಗ್ಲಿಷಿನಲ್ಲಿ ಐ ಬೆಗ್ ಯುವರ್ ಪಾರ್ಡನ್ ಅಂದರೆ ಸುಲಭ, ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಮಾತಿನಲ್ಲೇ ಹೇಳಿದೆ. "ಪ್ರಾಣಿ ಅವತ್ತೂ ಇದ ಇತ್ತಕ್ಕಾ. ಹೊಲಸಾಗಿದ್ದು ನನ್ನ ಬಾಯಿ. ನಾಕು ಮಂದಿ ನಗಲಿ ಅಂತ ಆಕಿ ಹೆಸರು ಕೆಡಿಸಿದೆ." ಅದಕ್ಕೆ ದುರ್ಗಪ್ಪ, "ಹಂಗಾದ್ರ ಮೊದ್ಲ ನೀವ ತಿನ್ರಿ, ನೋಡೂಣು" ಅಂದ. ಆಡಿನ ತಲೆ ಸುಡುತ್ತಿದ್ದ ಕೆಂಡದ ಮೇಲೆ ಒಂದು ತೊಡೆ ಸುಟ್ಟು, ಉಪ್ಪು ಹಚ್ಚಿ, ಎಲ್ಲರೆದುರು ತಿಂದೆ. ಅಗ್ನೆಸ್, ಅದು ನಾನು ಮೊದಲ ಸಲ ತಿಂದದ್ದು. ನೀನು ಎರಡು ಸಲ ಸಾರು ಮಾಡಿದಾಗ ಚಲೋ ಆಗಿದೆ ಅಂದೆನಲ್ಲ, ಎರಡು ಸಲವೂ ನನ್ನ ತುಂಡುಗಳನ್ನು ನಾಯಿಗೆ ಹಾಕಿದ್ದೆ. ನಾಯಿಯ ಅದೃಷ್ಟ ನೆನೆದು ಈಗ ಹೊಟ್ಟೆ ಉರಿಯುತ್ತದೆ.

ಎಂಟರಲ್ಲಿ ಮೂರು ಎಲೆ ಎದ್ದವು. ದುರ್ಗಪ್ಪ, ಕಾಶೆವ್ವ, ಆಮೇಲೆ ಅತ್ತ ಇತ್ತ ನೋಡಿ ಬಾಳೇಶ. ಉಳಿದ ಐದನ್ನು ನಾನೇ ಮನೆಗೆ ತಂದೆ. ಎಲ್ಲರೂ ತೆಗೆದುಕೊಂಡರು ಎಂದು ಬರೆದಿದ್ದರೆ ನಿನಗೆ ಸಂತೋಷವಾಗುತ್ತಿತ್ತು, ಆದರೆ ಡೇವಿಡ್ ಅಲ್ಲೇ ಇದ್ದ.

ನಿನ್ನ ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಕೂಸಿಗೆ ಅಜ್ಜನ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಮಾವ,
ಬಸ್ತ್ಯಾಂವ

ತಾ.ಕ.: ಲಕೋಟೆ ಅಂಟಿಸುವಾಗ ಹೊಳೆವ್ವ ಬಂದಳು. ಕಾಶೆವ್ವನ ಮನೆಯಲ್ಲಿ ಸಾರು ಉಂಡಳಂತೆ, ಮರಿಗಳಲ್ಲಿ ಒಂದು ಜೋಡಿ ಬೇಕಂತೆ. ಇವತ್ತಿಗೆ ಅವಕ್ಕೆ ಮೂರು ವಾರ, ಗಂಡನ್ನು ತಾಯಿಯಿಂದ ಬೇರೆ ಮಾಡುವ ಹೊತ್ತು. ದೊಡ್ಡವು ನನಗೆ ತಿಳಿಯುತ್ತವೆ, ಮರಿಗಳನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಏಳೂ ಒಂದೇ. ಎರಡು ಹಿಡಿದು ಕೊಡಲು ಹೋದರೆ ಹೊಳೆವ್ವ ಕೈ ಹಿಂದೆ ಕಟ್ಟಿಕೊಂಡು, "ನಿನ್ನ ಕೈಲೆ ಒಲ್ಲೆ. ಸಾಕಿದಾಕಿ ಬರ್ಲಿ, ಆಕಿ ಕೈಲೆ ತಗೋತೇನಿ" ಅಂದು ಹೋದಳು. ಮಂಗಳವಾರದಿಂದ ದಿನಾ ಹಳಿಯಾಳದ ಬಸ್ಸು ಬರುವ ಹೊತ್ತಿಗೆ ಮುಂಡಗೋಡದ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಡೇವಿಡ್ ಹೇಳಿದ್ದಕ್ಕಲ್ಲ, ನಾನೇ ಕರೆಯುತ್ತಿದ್ದೇನೆ. ಮನೆಗೆ ಬಾ ಮಗಳೇ.