ಅತ್ತೆಯ ಬಾಯಿಯ ಉಸ್ತುವಾರಿ

೩ ಫೆಬ್ರುವರಿ, ಸಂಜೆ ೬

ಅತ್ತೆ ಐದನೆಯ ಸಲ ಮುಕ್ಕಳಿಸಿದಳು. ಕೆಂಪು ಬಂತು. ಬರಲಿ. ಕೆಟ್ಟದ್ದು ಹೊರಗೆ ಹೋಗುತ್ತಿದೆ.

ಬೆಳಿಗ್ಗೆ ಕಲ್ಲವ್ವ ಅತ್ತೆಯ ದವಡೆಗೆ ಇಂಪ್ಲಾಂಟಿನ ಸ್ಕ್ರೂ ಹಾಕಿದರು. ಮೂಳೆ ಅದನ್ನು ಹಿಡಿದುಕೊಂಡರೆ ಮೂರು ತಿಂಗಳ ನಂತರ ಅದರ ಮೇಲೆ ಹಲ್ಲು. ಡಾಕ್ಟರರ ಸೂಚನೆಯ ಹಾಳೆ ಮರಾಠಿಯಲ್ಲಿದೆ. ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ಅವಳ ಬಾಯಿ ನನ್ನ ಉಸ್ತುವಾರಿ.

ಮೊದಲ ದಿನ ಮುಕ್ಕಳಿಸಬೇಡಿ, ಉಗುಳಬೇಡಿ, ಐಸ್ ಕ್ರೀಮ್ ತಿನ್ನಿ — ಇದು ವೈದ್ಯವಂತೆ. ಹಾಳೆಯ ಕೆಳಗೆ ಮೌತ್‌ವಾಶ್ ಕಂಪನಿಯ ಗುರುತು. ಮಾರಿಕೊಂಡ ಜನ. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಸಿಕ್ಕ ಪ್ರಕೃತಿ ಚಿಕಿತ್ಸೆಯ ಪುಸ್ತಿಕೆ ಮೂರು ಸಲ ಓದಿದ್ದೇನೆ. ಅದರ ಪ್ರಕಾರ ಬೇವಿನ ಕಷಾಯ, ಗಂಟೆಗೊಮ್ಮೆ, ಜೋರಾಗಿ ಮುಕ್ಕಳಿಸಬೇಕು.

"ಮುಕ್ತಾ, ಹಾಳ್ಯಾಗ ಹಿಂಗ ಬರದಾರೇನ?"

"ಹೌದ ಅತ್ತಿ. ಮುಕ್ಕಳಸು."

೪ ಫೆಬ್ರುವರಿ

ಅತ್ತೆಯ ಮಿಶ್ರಿ ಡಬ್ಬಿ ಕಸದ ಗಾಡಿಗೆ. ಹುರಿದ ತಂಬಾಕಿನ ಪುಡಿ. ನಲವತ್ತು ವರ್ಷ ಅದರಲ್ಲೇ ಹಲ್ಲು ತಿಕ್ಕಿ, ಹಲ್ಲು ಕಳೆದುಕೊಂಡಳು. ವಿಷ ಬಳಿದುಕೊಂಡು ಅದಕ್ಕೆ ಸ್ವಚ್ಛತೆ ಎನ್ನುವ ಹೆಂಗಸರು. ಭಾನುವಾರದ ವ್ಯಸನಮುಕ್ತಿ ಸಭೆಯಲ್ಲಿ ಇದನ್ನೇ ಹೇಳುತ್ತೇನೆ.

"ಒಗದೇನ? ಛಲೋ ಆತು. ಬಿಡತೀನಂತ ಡಾಕ್ಟರಿಗೂ ಮಾತ ಕೊಟ್ಟೀನಿ. ನಾ ಬಡದ ಮಾರೂ ಕಡಕ್ ರೊಟ್ಟಿ ಕಾತ್ರಜದ ಮಂದಿ ಕಡೀತಾರ, ನಾ ಹಾಲಾಗ ನೆನಸಿ ನುಂಗತೀನಿ. ಹನ್ನೊಂದ ವರ್ಷಾತು. ನಾನೂ ಒಮ್ಮೆ ಕಟುಂ ಅನಸಬೇಕವಾ."

ಇಷ್ಟೇ ಇವರ ಕನಸು. ಒಂದು ರೊಟ್ಟಿ. ಸಮಾಜ ಬದಲಾಗಬೇಕೆಂದು ಇವರಿಗೆ ಎಂದೂ ಅನ್ನಿಸುವುದಿಲ್ಲ.

೯ ಫೆಬ್ರುವರಿ

ಬಾಯಿ ವಾಸನೆ. ಒಸಡು ಊದಿದೆ. ಗಂಜಿಯೂ ಇಳಿಯುತ್ತಿಲ್ಲ. ಗೊತ್ತೇ ಇತ್ತು.

"ಕದ್ದು ಮಿಶ್ರಿ ತಿಕ್ಕೀಯಲ್ಲ? ಖರೆ ಹೇಳು."

"ಮುಟ್ಟಿಲ್ಲ ಯವ್ವಾ. ನೀ ಹೇಳಿದಷ್ಟ ಮಾಡೀನಿ."

ಸುಳ್ಳುಬುರುಕಿ. ಇಂಥವರಿಗಾಗಿ ಹೋರಾಡಬೇಕು ನಾವು.

೧೦ ಫೆಬ್ರುವರಿ, ಮಧ್ಯಾಹ್ನ

ಧನಕವಡಿಯ ಕ್ಲಿನಿಕ್. ಡಾಕ್ಟರು ಬಾಯಿ ನೋಡಿ ಕೇಳಿದರು — ಮೊದಲ ದಿನವೇ ಮುಕ್ಕಳಿಸಿದಿರಾ? ಗಾಯ ಮುಚ್ಚಿದ್ದ ರಕ್ತದ ಹೆಪ್ಪು ಕಿತ್ತುಹೋದಂತಿದೆ. ಬೇಡವೆಂದು ಹಾಳೆಯಲ್ಲಿತ್ತಲ್ಲ.

ಅತ್ತೆ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ತನ್ನ ಹರಕು ಮರಾಠಿಯಲ್ಲಿ ಅವಳೇ ಹೇಳಿದಳು: ಮುಕ್ಕಳಿಸಿಲ್ಲ, ಮಿಶ್ರಿ ತಿಕ್ಕಿದೆ. ಹುಡುಗಿ ಬೇಡವೆಂದೇ ಹೇಳಿದ್ದಳು.

ಡಾಕ್ಟರು ಗಾಯ ತೊಳೆದರು. ಸ್ಕ್ರೂ ಇನ್ನೂ ಗಟ್ಟಿ ಇದೆಯಂತೆ. ಬೇರೆಯವರಾಗಿದ್ದರೆ ಕಾದು ನೋಡುತ್ತಿದ್ದರಂತೆ. ತಂಬಾಕು ಬಿಡದ ಬಾಯಲ್ಲಿ ಅದು ನಿಲ್ಲುವುದಿಲ್ಲವಂತೆ. ಸೋಮವಾರ ತೆಗೆದುಬಿಡುತ್ತಾರೆ.

ರಿಕ್ಷಾದಲ್ಲಿ ಕೇಳಿದೆ, ಯಾಕೆ ಹಾಗಂದೆ ಎಂದು.

"ನೀ ನಾಕ ಮಂದ್ಯಾಗ ಭಾಷಣಾ ಮಾಡಾಕಿ. ನಿನ್ನ ಮಾತ ಮಂದಿ ನಂಬಬೇಕಲ್ಲ."

ಅವಳಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಆದರೂ ಮುಕ್ಕಳಿಸಿದ್ದಳು.

೧೧ ಫೆಬ್ರುವರಿ, ಬೆಳಿಗ್ಗೆ ೧೦

ಪುಸ್ತಿಕೆ ಬರೆದವನಿಗೆ ಬೈದು ಅರ್ಧ ಪುಟ ತುಂಬಿಸಿದೆ. ಕನ್ನಡದಲ್ಲಿ ಹಾಳೆ ಕೊಡದ ಡಾಕ್ಟರರಿಗೆ ಇನ್ನರ್ಧ. ಎರಡನ್ನೂ ಹೊಡೆದುಹಾಕಿದೆ. ಮರಾಠಿ ನನಗೆ ಚೆನ್ನಾಗಿಯೇ ಬರುತ್ತದೆ.

ಕ್ಲಿನಿಕ್‌ಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಳೆ, ನಡುನಡುವೆ ನಿಲ್ಲಿಸಿ ಕೆನ್ನೆ ಹಿಡಿದುಕೊಳ್ಳುತ್ತಾಳೆ.

ಫೋನ್ ರಿಂಗಾಗುತ್ತಿದೆ. ಡಾಕ್ಟರೇ. ಹೇಳಬೇಕಾದದ್ದು ಇಷ್ಟು — ಅತ್ತೆ ಮಿಶ್ರಿ ಮುಟ್ಟಿಲ್ಲ, ಹಾಳೆ ಓದಿದವಳು ನಾನು, ಓದಿಯೂ — ಎತ್ತುತ್ತಿದ್ದೇನೆ.