ಚಾಪುಡಿ ಎಲ್ಲೈತಿ

೧೮ ಜೂನ್ ೨೦೨೫, ಬುಧವಾರ, ಬೈಲಹೊಂಗಲ

ನನ್ನ ಹೆಂಡ್ತಿ ಮೆಹರುನಬಿಗೆ ಮರೆವಿನ ಬ್ಯಾನಿ. ಚಾ ಮಾತ್ರ ತಾನ ಮಾಡಬೇಕಂತ ಹಟ. ಯಾವ ಸಾಮಾನು ಎಲ್ಲೈತಿ ಅಂತ ಮಗಳು ಹಿನಾಕೌಸರ ಎಲ್ಲಾ ಫೋನಿನ್ಯಾಗ ತುಂಬ್ಯಾಳ. "ಅಕ್ಷರ ಬ್ಯಾಡವಾ, ನಿಮ್ಮ ಅಮ್ಮೀಗೆ ಓದಾಕ ಬರೂದಿಲ್ಲ, ಬರೇ ಫೋಟೋ ಇಡು" ಅಂದ್ನಿ. ಇಟ್ಲು; ಫೋಟೋ ಒತ್ತಿದ್ರ ಆ ಸಾಮಾನು ಇರೂ ಜಾಗ ತೋರಸತೈತಿ. ನಮ್ಮನ್ಯಾಗ ಜೀರಗಿ, ಅಂಗಿ ಗುಂಡಿ, ಚಾಪುಡಿ ಎಲ್ಲಾ ಒಂದ ನಮೂನಿ ಬಿಸ್ಕೀಟ್ ಡಬ್ಬಿನ್ಯಾಗ! ನಕ್ಕೋಂತ ಮುಚ್ಚಳ ತಗದು ಮತ್ತ ಫೋಟೋ ಹೊಡದ್ವಿ.

ಇವತ್ತ ಆಕಿ ಚಾಪುಡಿ ಫೋಟೋ ಸರಿಯಾಗೇ ಒತ್ತಿದ್ಲು. ಕಪಾಟಿನ ಕಡೆ ತಿರಗೂದ್ರಾಗ ನಿಂತಬಿಟ್ಲು.

"ನಾ ಏನ ಹುಡಕಾಕತ್ತಿದ್ನಿರೀ?"

"ನನ್ನ" ಅಂದ್ನಿ, ಚಾಷ್ಟಿಗೆ.

"ಸಿಕ್ರಲ್ಲ ಬಿಡ್ರಿ" ಅಂತ ಕುಂತಳು.

ಚಾ ನಾನ ಮಾಡಿದ್ನಿ. ನಾಳೆ ಹಿನಾ, ಒತ್ತಿದ್ರ ಜಾಗಾ ಬಾಯಿಬಿಟ್ಟು ಹೇಳೂ ಹಂಗ, ಮಾತಾಡೂ ಸ್ಕ್ರೀನ್ ಮಾಡತಾಳಂತ. ಮಾಡ್ಲಿ. ಯಾವುದ ಆರಿಸಿದ್ರೂ, ಫೋನ್ ಕೆಳಗಿಟ್ಟ ಮ್ಯಾಲೆ ಆಕಿ ಏನ ಹುಡಕಾಕತ್ತಿದ್ಲು ಅನ್ನೂದ ಮರೀತಾಳ.