ಇನ್ನೊಂದು ಸಲ ಕೇಳುತ್ತಾರಂತೆ

ಮಂಗಳವಾರ, ಊಟದ ಬಿಡುವು

ನನ್ನ ಚಿನಕುರಳಿ ತಂಗಿಗೆ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ನನ್ನ ಡಬ್ಬಿ ಇನ್ನೂ ಬಿಚ್ಚಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಬೇಡ, ಹೊಲಿಗೆ ಮಿಷನ್ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ.

ಅಣ್ಣನಿಗೆ ನನ್ನ ಕಿಡ್ನಿ ಹೊಂದುವ ಹಾಗಿದೆಯಂತೆ, ಇನ್ನೊಂದು ಪರೀಕ್ಷೆ ಬಾಕಿ. ನಿನ್ನದು ಹೊಂದಲಿಲ್ಲ ಅಂದಮೇಲೆ ಉಳಿದವಳು ನಾನೊಬ್ಬಳೇ. ಸುದ್ದಿ ಬಂದಾಗಿನಿಂದ ಅತ್ತಿಗೆ ಕುರ್ಚಿ ಒರೆಸಿ ಕೂರಿಸುತ್ತಾಳೆ. ಇಲ್ಲದ ಕಾಳು ಈಗ ಯಾಕೆ ಬೀಳ್ತಿದೆ ಅಂತ ಕೋಳಿಗೆ ಗೊತ್ತಾಗಲ್ವಾ? ಪಾಪ, ಡಯಾಲಿಸಿಸ್‌ಗೆ ಓಡಾಡಿ ಅವಳೂ ಸವೆದಿದ್ದಾಳೆ. ಅಮ್ಮ ಬಾಯಿಬಿಟ್ಟು ಏನೂ ಕೇಳಿಲ್ಲ. ಬರೀ ನನ್ನ ಸೊಂಟದ ಕಡೆ ನೋಡುತ್ತಾಳೆ.

ನಿನ್ನೆ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಕೊಡೋಕೆ ನಿಮಗೆ ಮನಸ್ಸಿದೆಯಾ ಅಂದರು. ಮಾತು ಮುಗಿಯೋ ಮೊದಲೇ ನಾನು ಹೂಂ ಅಂದೆ. ಅವರು ಪೆನ್ನು ಕೆಳಗಿಟ್ಟು, ಇಷ್ಟು ಬೇಗ ಬೇಡಮ್ಮ, ಗುರುವಾರ ಬನ್ನಿ, ಇನ್ನೊಂದು ಸಲ ಕೇಳ್ತೀನಿ ಅಂದರು. ಬೇಡ ಅನ್ನಿಸಿದರೆ ಹೊಂದಲಿಲ್ಲ ಅಂತ ಮನೆಯವರಿಗೆ ತಾವೇ ಹೇಳ್ತಾರಂತೆ. ನಿಜ ಯಾರಿಗೂ ತಿಳಿಯಲ್ಲವಂತೆ.

ಆಗಿನಿಂದ ತಲೆ ಕೆಟ್ಟಿದೆ. ಆ ಹೂಂ ಅಂದವಳು ನಾನೇನಾ? ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಬಟ್ಟೆ ಕೈಗೆ ಬಂದ ಕೂಡಲೇ ಕಾಲು ತಾನೇ ಪೆಡಲ್ ಒತ್ತುತ್ತೆ, ನನ್ನನ್ನು ಕೇಳೋದೇ ಇಲ್ಲ. ಇವತ್ತು ಬೇಕಂತಲೇ ಒತ್ತದೆ ಕೂತು ನೋಡಿದೆ. ಪಕ್ಕದಲ್ಲಿ ಕಾಲರ್ ರಾಶಿ ಏರಿತು. ಸೂಪರ್‌ವೈಸರ್ ಬಂದು, ಏನಮ್ಮ, ನಿನಗೊಬ್ಬಳಿಗೇ ಕರೆಂಟ್ ಹೋಗಿದೆಯಾ ಅಂತ ಛೇಡಿಸಿದ. ಕಾಲು ಒತ್ತೇಬಿಟ್ಟಿತು.

ಸ್ಕೂಲು ಬಿಟ್ಟಾಗಲೂ ಹೀಗೇ. ನಾನೇ ಬಿಟ್ಟೆ ಅಂತಾಳೆ ಅಮ್ಮ. ಚೀಲ ಗೂಟಕ್ಕೆ ಹಾಕಿದ್ದು ನಾನೇ, ಸುಳ್ಳಲ್ಲ. ಆದರೆ ಆಗ ನಿನ್ನ ತೊಟ್ಟಿಲು ತೂಗೋರು ಬೇರೆ ಯಾರಿದ್ದರು?

ಬೇಡ ಅಂದರೆ ಭಯಕ್ಕೆ ಅಂದ ಹಾಗೆ. ಹೂಂ ಅಂದರೆ ರೂಢಿಗೆ ಅಂದ ಹಾಗೆ. ನಡುವೆ ನಾನು ಅನ್ನೋಳು ಎಲ್ಲಿದ್ದೀನೋ ಕಾಣೆ. ಅಣ್ಣ ಉಳೀಬೇಕು, ಅದೊಂದು ಗೊತ್ತು.

ಗಂಟೆ ಹೊಡೀತು.

ನೀವೆಲ್ಲ ಕರೆಯೋ ಹಾಗೆ,
ಗಾಬರಿ ಅಕ್ಕ

ಮತ್ತೆ, ಗುರುವಾರ: ಕಾಗದ ಚೀಲದಲ್ಲೇ ಉಳಿದಿತ್ತು, ಆಸ್ಪತ್ರೆಗೆ ಹೋಗಿ ಬಂದು ಸೇರಿಸುತ್ತಿದ್ದೇನೆ. ಹೊಂದಲಿಲ್ಲ ಅಂತ ತಾವೇ ಹೇಳ್ತೀವಿ ಅನ್ನೋ ಆ ಮಾತು ನನಗೊಬ್ಬಳಿಗೆ ಹೇಳಿದ್ದಾ ಅಂತ ಡಾಕ್ಟರಮ್ಮನನ್ನು ಕೇಳಿದೆ. ಕೊಡೋಕೆ ಬಂದ ಎಲ್ಲರಿಗೂ ಹೇಳ್ತೀವಿ ಅಂದರು. ನಿನ್ನ ಪರೀಕ್ಷೆ ಆದಾಗ ನೀನು ಅದೇ ಕೋಣೆಯಿಂದ ಬಂದು, ನನ್ನ ಮುಖ ನೋಡದೆ ಚಪ್ಪಲಿ ಹುಡುಕಿದ್ದು ನೆನಪಾಯಿತು. ನಾನು ಕೇಳಲ್ಲ, ನೀನೂ ಹೇಳಬೇಡ. ನಮ್ಮ ಮನೆ ಹೆಣ್ಣಿಗೂ ಬೇಡ ಅನ್ನೋಕೆ ಆಗುತ್ತೆ ಅಂತ ಆಗ ನಂಬಿಕೆ ಬಂತು. ತುಂಬಾ ಹೊತ್ತು ಸುಮ್ಮನೆ ಕೂತೆ. ಅವರು ಅವಸರ ಮಾಡಲಿಲ್ಲ. ಆಮೇಲೆ ಹೂಂ ಅಂದೆ.

ಆಪರೇಷನ್ ದಿನ ಅಮ್ಮನ ಪಕ್ಕ ಯಾರಾದರೂ ಕೂತಿರಬೇಕು. ಮನಸ್ಸಿದ್ದರೆ ಬಾ.